ಜೆಸಪ್ ನಕ್ಷೆ: ಫ್ಲಾರಿಡಾ ಮುಗಿಯಿತು, ಮೆಕ್ಸಿಕೋ ನಡೆಯುತ್ತಿದೆ

ಅಮೆರಿಕದ ಸೇನಾಧಿಕಾರಿ ಥಾಮಸ್ ಸಿಡ್ನಿ ಜೆಸಪ್ ಅವರ ಇಡೀ ವೃತ್ತಿಜೀವನವನ್ನು ಕ್ಯೂಜಿಐಎಸ್ ಎಂಬ ನಕ್ಷೆ ತಯಾರಿಸುವ ತಂತ್ರಾಂಶದಲ್ಲಿ ಒಂದೇ ನಕ್ಷೆಗೆ ತರುವ ಕೆಲಸ ಈಗ ಅರ್ಧ ದಾಟಿದೆ.

ಬ್ರಿಟನ್ ವಿರುದ್ಧದ 1812ರ ಯುದ್ಧದ ಲೇಯರ್ (ನಕ್ಷೆಯ ಒಂದು ಪದರ) ಸಲೀಸಾಗಿ ಕೂತಿತು. ಡೆಟ್ರಾಯಿಟ್‌ನಲ್ಲಿ ಅಮೆರಿಕದ ಜನರಲ್ ಹಲ್ ಬ್ರಿಟಿಷರಿಗೆ ಶರಣಾದಾಗ ಅವರ ಬ್ರಿಗೇಡ್ ಮೇಜರ್ ಆಗಿದ್ದ ಜೆಸಪ್ ಕೂಡ ಸೆರೆಯಾದರು. 1814ರ ಜುಲೈನಲ್ಲಿ ನಯಾಗರಾ ಗಡಿಯ ಚಿಪ್ಪವಾ ಮತ್ತು ಲಂಡೀಸ್ ಲೇನ್ ಕದನಗಳಲ್ಲಿ 25ನೇ ಪದಾತಿ ದಳವನ್ನು ನಡೆಸಿದರು. ಎರಡನೆಯದರಲ್ಲಿ ಹಲವು ಗಾಯ ತಿಂದರು. ಚಿಪ್ಪವಾದ ಚುಕ್ಕಿಗೆ ಬೂದು ಬಣ್ಣವನ್ನೇ ಕೊಟ್ಟಿದ್ದೇನೆ. ಸಮವಸ್ತ್ರದ ನೀಲಿ ಬಟ್ಟೆ ಸಿಗದೆ, ಜೆಸಪ್ ಇದ್ದ ಜನರಲ್ ಸ್ಕಾಟ್ ಬ್ರಿಗೇಡಿನ ಸೈನಿಕರು ಅಂದು ಬೂದು ಅಂಗಿಯಲ್ಲೇ ಕಾದಿದ್ದರು. ಸರಬರಾಜು ಕೈಕೊಟ್ಟರೆ ಏನಾಗುತ್ತದೆಂದು ಜೆಸಪ್ ರಣರಂಗದಲ್ಲೇ ಕಂಡವರು. 1842ರಲ್ಲಿ ಸೈನಿಕರ ಬಟ್ಟೆಬರೆ ಕೊಳ್ಳುವ ಹೊಣೆ ಅವರ ಇಲಾಖೆಗೇ ಬಂತು.

ಕಷ್ಟ ಶುರುವಾದದ್ದು 1818ರಿಂದ. ಆ ಮೇ ತಿಂಗಳಲ್ಲಿ ಅವರು ಕ್ವಾರ್ಟರ್‌ಮಾಸ್ಟರ್ ಜನರಲ್, ಅಂದರೆ ಸೇನೆಯ ಸರಬರಾಜು ಇಲಾಖೆಯ ಮುಖ್ಯಸ್ಥ, ಆದರು. 1860ರ ಜೂನ್ 10ರಂದು ತೀರಿಕೊಳ್ಳುವವರೆಗೂ, 42 ವರ್ಷ, ಅದೇ ಹುದ್ದೆ. ಮನುಷ್ಯನ ಜಾಡನ್ನಷ್ಟೇ ಹಿಡಿದರೆ ಹೆಚ್ಚಿನ ವರ್ಷಗಳಿಗೆ ನಕ್ಷೆಯಲ್ಲಿ ವಾಷಿಂಗ್ಟನ್ನಿನ ಮೇಲೆ ಒಂದು ಚುಕ್ಕಿ, ಅಷ್ಟೆ. ಹಾಗಾಗಿ ಇಲ್ಲಿಂದ ಮುಂದೆ ಅವರನ್ನು ಬಿಟ್ಟು ಸಾಮಾನಿನ ಜಾಡು ಹಿಡಿದೆ: ಡೇರೆ, ಮೇವು, ಹೇಸರಗತ್ತೆ, ಬಂಡಿ, ಹಡಗು. ಮಿಸಿಸಿಪ್ಪಿಯ ಮೇಲ್ತುದಿಯ ಸ್ನೆಲ್ಲಿಂಗ್ ಕೋಟೆ, 1827ರ ಲೆವನ್‌ವರ್ತ್ ಕೋಟೆ ಎರಡಕ್ಕೂ ಗೆರೆ ಎಳೆದ ಮೇಲೆ ಆ ಮೇಜಿನ ಕೆಲಸ ಎಷ್ಟು ದೂರ ಮುಟ್ಟುತ್ತಿತ್ತೆಂಬುದು ಕಣ್ಣಿಗೆ ಬಿತ್ತು. ದಂಡಯಾತ್ರೆಯ ಬಾಣಗಳಿಗಿಂತ ಈ ಗೆರೆಗಳೇ ನನಗೆ ಹೆಚ್ಚು ಪ್ರಿಯ.

ಫ್ಲಾರಿಡಾ ಲೇಯರ್ ಮುಗಿಸಿದ್ದೇನೆ, ಮನಸ್ಸಿಗೆ ಭಾರವಾದರೂ. 1836ರ ಡಿಸೆಂಬರ್‌ನಲ್ಲಿ, ಆ ಹುದ್ದೆಯಲ್ಲಿದ್ದುಕೊಂಡೇ, ಫ್ಲಾರಿಡಾದ ಮೂಲನಿವಾಸಿ ಸೆಮಿನೋಲ್ ಜನರ ವಿರುದ್ಧದ ಯುದ್ಧದ ಮುಖ್ಯಸ್ಥರಾದ ಜೆಸಪ್, ಮರು ವರ್ಷ ಅಕ್ಟೋಬರ್‌ನಲ್ಲಿ ಸೇಂಟ್ ಅಗಸ್ಟಿನ್ ಸಮೀಪ ಬಿಳಿ ಬಾವುಟದಡಿ ಮಾತುಕತೆಗೆ ನಿಂತಿದ್ದ ಸೆಮಿನೋಲ್ ನಾಯಕ ಒಸಿಯೋಲಾನನ್ನು ಸೆರೆಹಿಡಿಸಿದರು. 1838ರ ಜನವರಿ 30ರಂದು ಒಸಿಯೋಲಾ ಮೌಲ್ಟ್ರಿ ಕೋಟೆಯಲ್ಲಿ ಸೆರೆಯಲ್ಲೇ ಸತ್ತ. ಅದಕ್ಕೆ ಕೆಲವೇ ದಿನ ಮುಂಚೆ ಲಾಕ್ಸಹ್ಯಾಚಿ ಕದನದಲ್ಲಿ ಜೆಸಪ್ ಮುಖಕ್ಕೆ ಗಾಯವಾಗಿತ್ತು. ಬಳಿಕ ಸೆಮಿನೋಲರನ್ನು ದಕ್ಷಿಣ ಫ್ಲಾರಿಡಾದಲ್ಲೇ ಇರಗೊಡಬೇಕೆಂದು ಅವರೇ ಶಿಫಾರಸು ಮಾಡಿದರು. ಯುದ್ಧ ಕಾರ್ಯದರ್ಶಿ ಪಾಯಿನ್ಸೆಟ್ ಒಪ್ಪಲಿಲ್ಲ. ಆಗ ಜುಪಿಟರ್ ಕೋಟೆಯ ಬಳಿ ನಂಬಿ ಬಂದು ಕಾದಿದ್ದ 500ಕ್ಕೂ ಹೆಚ್ಚು ಜನರನ್ನು ಜೆಸಪ್ ಹಿಡಿಸಿಬಿಟ್ಟರು. ನನ್ನ ಮಟ್ಟಿಗೆ ಒಸಿಯೋಲಾನ ಸೆರೆಗಿಂತ ಇದು ದೊಡ್ಡ ದ್ರೋಹ. ಇದಕ್ಕೂ ಅಷ್ಟೇ ದೊಡ್ಡ ಗುರುತು ಹಾಕಿದ್ದೇನೆ. ಸರಬರಾಜಿನ ಸಾಧನೆ ಎಷ್ಟೇ ಇರಲಿ, ನಕ್ಷೆಯಲ್ಲಿ ಇದನ್ನು ಚಿಕ್ಕದು ಮಾಡಲಾರೆ.

ಈಗ ಕೈಯಲ್ಲಿರುವುದು ಮೆಕ್ಸಿಕೋ ಯುದ್ಧ. 1846ರ ಕೊನೆಯಲ್ಲಿ ಜೆಸಪ್ ತಾವೇ ಕಚೇರಿ ಬಿಟ್ಟು ನ್ಯೂ ಆರ್ಲಿಯನ್ಸ್‌ಗೂ ಅಲ್ಲಿಂದ ರಿಯೋ ಗ್ರಾಂಡೆ ಮುಖದ ಬ್ರಾಜೋಸ್‌ಗೂ ಹೋಗಿ ನಿಂತರು. ಹಾಗಾಗಿ ಇಲ್ಲಿ ಮನುಷ್ಯನ ಗೆರೆ, ಸಾಮಾನಿನ ಗೆರೆ ಮತ್ತೆ ಕೂಡುತ್ತವೆ. ವೆರಾಕ್ರೂಜ್ ದಡಕ್ಕೆ ಸೈನ್ಯ ಇಳಿಸಲು ಇಲಾಖೆ ಕಟ್ಟಿಸಿದ ದೋಣಿಗಳು ಮೂರು ಅಳತೆಯವು, ಹಡಗಿನ ಮೇಲೆ ಒಂದರೊಳಗೊಂದು ಕೂರುವಂಥವು. ಕೇಳಿದಷ್ಟು ದೋಣಿ ಬರಲಿಲ್ಲ. ಆದರೂ 1847ರ ಮಾರ್ಚ್ 9ರಂದು ಒಂದೇ ದಿನದಲ್ಲಿ 8,000ಕ್ಕೂ ಹೆಚ್ಚು ಸೈನಿಕರು ಒಂದು ಜೀವಹಾನಿಯೂ ಇಲ್ಲದೆ ದಡ ಸೇರಿದರು. ಈ ಭಾಗಕ್ಕೆ ಪ್ರತ್ಯೇಕ ಚೌಕಟ್ಟಿನಲ್ಲಿ ಕರಾವಳಿಯ ದೊಡ್ಡ ನಕ್ಷೆ ಬಿಡಿಸುತ್ತಿದ್ದೇನೆ.

ಉಳಿದಿರುವುದು 1850ರ ದಶಕ. ಅಲ್ಲಿ ಸೇನೆಯ ಸಾಮಾನು ಹೊರಲು ತರಿಸಿದ ಒಂಟೆಗಳಿವೆ: 1855ರಲ್ಲಿ ಅಮೆರಿಕನ್ ಸಂಸತ್ತು 30,000 ಡಾಲರ್ ಕೊಟ್ಟಿತು, ಮರು ವರ್ಷ ಒಂಟೆಗಳು ಟೆಕ್ಸಾಸಿನ ಇಂಡಿಯಾನೋಲಾದಲ್ಲಿ ಇಳಿದವು. ಅಲ್ಲಿಂದ ಕ್ಯಾಂಪ್ ವರ್ಡೆ ಎಂಬ ಸೇನಾ ಠಾಣೆಗೆ ಹೋದ ದಾರಿಯೇ ಮುಂದಿನ ಗೆರೆ.