ದೇ ಆರ್ ಮೈ ಫಾದರ್

1996ರ ಜುಲೈ. ನಾನಾಗ ಎಂಟನೇ ಕ್ಲಾಸು. ಅಪ್ಪನ ಬಗ್ಗೆ ಐದು ಸಾಲು ಇಂಗ್ಲಿಷ್‌ನಲ್ಲಿ ಬರೆದುಕೊಂಡು ಬನ್ನಿ ಅಂತ ಮೇಷ್ಟ್ರು ಹೇಳಿದ್ದರು. ನನ್ನ ನೋಟ್‌ಬುಕ್ಕಿನ ಮೊದಲ ಸಾಲು ಹೀಗಿತ್ತು: ‘ದೇ ಆರ್ ಮೈ ಫಾದರ್.’

ಮೇಷ್ಟ್ರು ಅದನ್ನು ಓದಿ ಕೆಂಪು ಪೆನ್ನು ಕೆಳಗಿಟ್ಟರು. “ಅಪ್ಪ ಒಬ್ರೇ ಅಲ್ವಾ? ದೇ ಅಂತ ಯಾಕೆ ಬರೆದೆ?” ಅಂದರು. ನನಗೆ ಅಳು ಬರುವ ಹಾಗಾಗಿತ್ತು. “ಹಿ ಅಂದ್ರೆ ಅವನು ಸಾರ್. ಅಪ್ಪನ್ನ ಅವನು ಅನ್ನಬಾರ್ದು. ಅವರು ಅಂದ್ರೆ ದೇ” ಅಂದೆ.

ಅವರು ಬೈಯಲಿಲ್ಲ. “ಮರ್ಯಾದೆ ಕೊಟ್ಟಿದ್ದೀಯ, ಸರಿಯಾಗೇ ಯೋಚನೆ ಮಾಡಿದ್ದೀಯ. ಆದ್ರೆ ಇಂಗ್ಲಿಷಿನವರು ಮರ್ಯಾದೇನ ಈ ಪದದಲ್ಲಿ ಇಡಲ್ಲಮ್ಮ. ಅವರಿಗೆ ರಾಜನೂ ಹಿ, ಕೂಲಿಯವನೂ ಹಿ. ಮತ್ತೆ ಎಲ್ಲಿಡ್ತಾರೆ ಅಂತ ಮುಂದೆ ಹೇಳ್ತೀನಿ” ಅಂದರು. ಆ ‘ಮುಂದೆ’ಗೆ ನಾನು ಎರಡು ತಿಂಗಳು ಕಾದೆ.

ಶಾಲೆಯ ಸಂಚಿಕೆಗೆ ಏನಾದರೂ ಬರೆದುಕೊಡಿ ಅಂದಾಗ ನನಗೆ ಬೇರೇನೂ ತೋಚಲಿಲ್ಲ. ಆ ಮೇಷ್ಟ್ರು ವಾಕ್ಯ ಕಲಿಸಿದ ರೀತಿಯನ್ನೇ ಬರೆಯಬೇಕು ಅನ್ನಿಸಿತು.

ನಾವೆಲ್ಲ ಐದನೇ ಕ್ಲಾಸಿನಲ್ಲಿ ಎ ಬಿ ಸಿ ಡಿ ಶುರು ಮಾಡಿದ ಕನ್ನಡ ಮೀಡಿಯಂ ಮಕ್ಕಳು. ಮೂಡಿಗೆರೆ ಕಡೆಯ ತೋಟದ ಕೆಲಸದವರ ಮನೆಗಳಿಂದ ಬರುತ್ತಿದ್ದವರೇ ಜಾಸ್ತಿ. ಇಂಗ್ಲಿಷ್ ಅಂದರೆ ಪ್ರಶ್ನೋತ್ತರ ಬಾಯಿಪಾಠ ಮಾಡುವುದು ಅಂತಲೇ ತಿಳಿದಿದ್ದೆವು. ಮೇಷ್ಟ್ರು ಬೆಂಗಳೂರಿನ ರೀಜನಲ್ ಇನ್‌ಸ್ಟಿಟ್ಯೂಟ್ ಆಫ್ ಇಂಗ್ಲಿಷ್‌ನಲ್ಲಿ ತರಬೇತಿ ಪಡೆದು ಬಂದಿದ್ದರು. ದಕ್ಷಿಣದ ರಾಜ್ಯಗಳ ಇಂಗ್ಲಿಷ್ ಮೇಷ್ಟ್ರುಗಳಿಗೆ ಕಲಿಸಲೆಂದೇ 1963ರಲ್ಲಿ ಶುರುವಾದ ಸಂಸ್ಥೆ ಅದು. ಅಲ್ಲಿಂದ ಬಂದ ಮೇಲೆ ಹಳೆ ಕ್ಯಾಲೆಂಡರಿನ ಹಾಳೆಗಳನ್ನು ಕತ್ತರಿಸಿ, ಹಿಂಬದಿಯಲ್ಲಿ ಸ್ಕೆಚ್ ಪೆನ್ನಿನಿಂದ ಪದಗಳನ್ನು ಬರೆದು, ಒಂದು ಬಿಸ್ಕತ್ತಿನ ಡಬ್ಬದಲ್ಲಿ ತುಂಬಿಟ್ಟುಕೊಂಡಿದ್ದರು. ಆ ಡಬ್ಬ ಕಂಡರೆ ನಮಗೆ ಖುಷಿ.

ಮೊದಲ ದಿನ ಮೂವರನ್ನು ಮುಂದೆ ನಿಲ್ಲಿಸಿದರು. ಕೈಗೆ ಕನ್ನಡದ ಮೂರು ಹಾಳೆ: ರಾಮನು, ರಾವಣನನ್ನು, ಕೊಂದನು. “ಈಗ ಜಾಗ ಬದಲಾಯಿಸ್ಕೊಳ್ಳಿ” ಅಂದರು. ರಾವಣನನ್ನು ರಾಮನು ಕೊಂದನು. ಕೊಂದನು ರಾವಣನನ್ನು ರಾಮನು. ಹೇಗೆ ನಿಂತರೂ ಸತ್ತವನು ರಾವಣನೇ. ಆಮೇಲೆ ಇಂಗ್ಲಿಷ್ ಹಾಳೆ ಕೊಟ್ಟರು: ರಾಮ, ಕಿಲ್ಡ್, ರಾವಣ. ಎರಡು ಹುಡುಗರು ಜಾಗ ಬದಲಿಸಿದ್ದೇ ತಡ, ‘ರಾವಣ ಕಿಲ್ಡ್ ರಾಮ’ ಆಗಿಹೋಯಿತು! ಇಡೀ ಕ್ಲಾಸು ‘ಅಯ್ಯೋ’ ಅಂತ ಕೂಗಿತು.

“ನೋಡಿ, ನಮ್ಮಲ್ಲಿ ಗುರುತು ಪದದ ಬಾಲದಲ್ಲಿದೆ. ಆ ‘ಅನ್ನು’ ಅಂಟಿಕೊಂಡಿರೋವರೆಗೂ ರಾವಣ ಎಲ್ಲಿ ನಿಂತರೂ ಕರ್ಮವೇ. ಇಂಗ್ಲಿಷ್‌ನಲ್ಲಿ ಬಾಲ ಇಲ್ಲ. ನಿಂತ ಜಾಗವೇ ಗುರುತು. ವರ್ಬಿಗೆ ಮುಂಚೆ ನಿಂತವನು ಸಬ್ಜೆಕ್ಟ್, ಆಮೇಲೆ ನಿಂತವನು ಆಬ್ಜೆಕ್ಟ್.” ಕರ್ತೃ, ಕರ್ಮ, ಕ್ರಿಯಾಪದ ಅಂತ ಕನ್ನಡ ಪಂಡಿತರು ಕಲಿಸಿದ್ದು ನಮಗೆ ಬರುತ್ತಿತ್ತು. ಅದಕ್ಕೂ ಇದಕ್ಕೂ ಸಂಬಂಧ ಇದೆ ಅಂತ ಗೊತ್ತಾಗಿದ್ದು ಅವತ್ತು. ವಿಭಕ್ತಿ ಪ್ರತ್ಯಯ ಯಾತಕ್ಕೆ ಬೇಕು ಅನ್ನುವುದೂ ನನಗೆ ಇಂಗ್ಲಿಷ್ ಕ್ಲಾಸಿನಲ್ಲೇ ಅರ್ಥವಾಯಿತು.

ಮಳೆಗಾಲ ಬಂತು. ಹೆಂಚಿನ ಮೇಲೆ ಬೀಳುವ ಸದ್ದಿಗೆ ಪಾಠವೇ ಕೇಳಿಸುತ್ತಿರಲಿಲ್ಲ. ಮೇಷ್ಟ್ರು ಬೋರ್ಡಿನ ಮೇಲೆ ‘ಇಟ್ ಈಸ್ ರೈನಿಂಗ್’ ಅಂತ ಬರೆದು ಸುಮ್ನೆ ನಿಂತರು. “ಇಟ್ ಅಂದ್ರೆ ಯಾರು ಸಾರ್?” ಅಂತ ಹಿಂದಿನ ಬೆಂಚಿನಿಂದ ಒಬ್ಬ ಕೇಳಿದ. “ಯಾರೂ ಇಲ್ಲ ಕಣೋ. ಸಬ್ಜೆಕ್ಟಿನ ಕುರ್ಚಿ ಖಾಲಿ ಬಿಡಬಾರ್ದು ಅಂತ ಕೂರಿಸಿರೋದು” ಅಂದರು. ನಮ್ಮಲ್ಲಿ ಮಳೆ ತಾನೇ ಬರುತ್ತದೆ, ಅದೇ ಕರ್ತೃ. ಅವರಲ್ಲಿ ಮಳೆಯೇ ಕ್ರಿಯಾಪದವಾಗಿ ಕೂತಿದೆ. ಹಾಗಾಗಿ ಮುಂದಿನ ಕುರ್ಚಿಗೆ ಯಾರನ್ನಾದರೂ ಕರೆದು ತರಬೇಕು. ‘ಬಂದೆ’ ಅಂದರೆ ನಮಗೆ ಸಾಕು, ನಾನು ಅನ್ನುವುದು ಅದರೊಳಗೇ ಇದೆ. ಬರೀ ‘ಕೇಮ್’ ಅಂದರೆ ಇಂಗ್ಲಿಷಿನವರಿಗೆ ಯಾರು ಬಂದರೋ ಗೊತ್ತಾಗುವುದಿಲ್ಲ.

ಕ್ರಿಯಾಪದದ ಕಥೆಯೂ ಹೀಗೇ. ‘ಇದು ನಮ್ಮ ಶಾಲೆ’ ಅನ್ನುವುದರಲ್ಲಿ ಕ್ರಿಯಾಪದ ಎಲ್ಲಿದೆ ಹುಡುಕಿ ಅಂದರು. ಹುಡುಕಿದೆವು, ಇರಲಿಲ್ಲ. ಅದಕ್ಕೇ ನಾವೆಲ್ಲ ‘ದಿಸ್ ಅವರ್ ಸ್ಕೂಲ್’ ಅಂತ ಬರೆಯುತ್ತಿದ್ದದ್ದು. ಕಂಬ ಇಲ್ಲದೆ ಚಪ್ಪರ ನಿಲ್ಲಲ್ಲ, ಅಲ್ಲಿ ಒಂದು ‘ಈಸ್’ ನೆಡಲೇಬೇಕು ಅಂದರು.

ಒಂದು ದಿನ ನನ್ನ ಗೆಳತಿ ಗೊಬ್ಬರದ ಚೀಲವನ್ನು ಕೊಪ್ಪೆ ಮಾಡಿ ಹೊದ್ದುಕೊಂಡು ಬಂದಿದ್ದಳು. ಮೇಷ್ಟ್ರು ಬಾಗಿಲಲ್ಲೇ ಅವಳನ್ನು ನಿಲ್ಲಿಸಿ, ಚೀಲ ಇಸಿದುಕೊಂಡು ಬೋರ್ಡಿನ ಮೊಳೆಗೆ ನೇತುಹಾಕಿದರು. ನೀರು ತೊಟ್ಟಿಕ್ಕುತ್ತಿತ್ತು. ಅದರ ಮೇಲೆ ‘ಯೂಸ್ ನೋ ಹುಕ್ಸ್’ ಅಂತ ಅಚ್ಚಾಗಿತ್ತು. ಆ ಅಕ್ಷರಗಳನ್ನು ನಾವು ದಿನಾ ನೋಡಿದ್ದೆವು, ಓದಿರಲಿಲ್ಲ. ಹಮಾಲಿಗಳು ಕೊಕ್ಕೆ ಹಾಕಿ ಎಳೆದರೆ ಚೀಲ ಹರಿಯುತ್ತದೆ, ಅದಕ್ಕೆ ಬರೆದಿರುವುದು ಅಂತ ಹೇಳಿ, “ಇಲ್ಲಿ ಸಬ್ಜೆಕ್ಟ್ ಯಾರು?” ಅಂದರು. ಕುರ್ಚಿ ಖಾಲಿ ಬಿಡಬಾರದು ಅಂದಿದ್ದರಲ್ಲ, ಇಲ್ಲಿ ಖಾಲಿ ಇದೆಯಲ್ಲ! ಗೆಳತಿಯೇ ಹೇಳಿದಳು: “ಓದೋರು ಸಾರ್.” ಮೇಷ್ಟ್ರ ಮುಖ ಅರಳಿತು. ಅಪ್ಪಣೆಯ ವಾಕ್ಯದಲ್ಲಿ ಮಾತ್ರ ‘ಯು’ ಅಡಗಿ ಕೂತಿರಬಹುದು. ಇಂಪರೆಟಿವ್ ಅನ್ನುವ ಹೆಸರನ್ನು ಅವರು ಬೋರ್ಡಿನ ಮೇಲೆ ಬರೆದದ್ದು ಇಷ್ಟೆಲ್ಲ ಆದ ಮೇಲೆ. ಹೆಸರು ಕಡೆಗೆ ಹೇಳುತ್ತಿದ್ದರು, ಯಾವತ್ತೂ. ವ್ಯಾಖ್ಯೆಯಿಂದ ಶುರು ಮಾಡುವ ಪಾಠ ಮಕ್ಕಳ ತಲೆಗೆ ಹತ್ತುವುದಿಲ್ಲ ಅಂತ ನಾನೂ ನಂಬಿದ್ದೇನೆ.

ಪ್ರಶ್ನೆಯ ಪಾಠದಲ್ಲಿ ಮತ್ತೆ ಹಾಳೆ ಹಿಡಿದು ನಿಂತೆವು. ಕನ್ನಡದಲ್ಲಿ ‘ಬಂದನು’ಗೆ ಬಾಲದಲ್ಲಿ ಒಂದು ‘ಆ’ ಸೇರಿಸಿದರೆ ‘ಬಂದನಾ?’ ಆಯಿತು. ಇಂಗ್ಲಿಷ್‌ನಲ್ಲಿ ‘ಹಿ ಈಸ್ ಕಮಿಂಗ್’ ಇದ್ದರೆ ‘ಈಸ್’ ಹಿಡಿದವಳು ಎರಡು ಹೆಜ್ಜೆ ನಡೆದು ಮುಂದೆ ಬರಬೇಕು. ‘ಹಿ ಕೇಮ್’ ಅಂತಿದ್ದರೆ? ನಡೆದು ಬರಲು ಯಾರೂ ಇಲ್ಲ. ಆಗ ಹೊರಗಿನಿಂದ ‘ಡಿಡ್’ ಬರುತ್ತದೆ. ಬಾಗಿಲಾಚೆ ನಿಂತು ಕಾಯುತ್ತಿದ್ದ ‘ಡಿಡ್’ ನಾನೇ. ನಾನು ಒಳಗೆ ಬಂದು ಸಾಲಿನ ಮುಂದೆ ನಿಂತಾಗ ‘ಕೇಮ್’ ಹಿಡಿದಿದ್ದವಳು ಹಾಳೆ ತಿರುಗಿಸಿ ‘ಕಮ್’ ತೋರಿಸಿದಳು. “ಭೂತಕಾಲದ ಹೊರೆ ಇವಳು ಹೊತ್ಕೊಂಡಳು, ಅವಳ ತಲೆ ಹಗುರಾಯ್ತು” ಅಂದರು ಮೇಷ್ಟ್ರು. ‘ಡಿಡ್ ಹಿ ಕೇಮ್’ ಅಂತ ನಾನು ಮತ್ತೆಂದೂ ಬರೆದಿಲ್ಲ.

ಅವತ್ತೇ ಅವರು ಎರಡು ತಿಂಗಳ ಹಿಂದಿನ ಮಾತು ನೆನಪಿಟ್ಟು ನನ್ನ ಕಡೆ ತಿರುಗಿದರು. ನಾವು ‘ಬಾ’, ‘ಬನ್ನಿ’ ಅಂತ ಬೇರೆ ಮಾಡುತ್ತೇವೆ. ಅವರಿಗೆ ಎರಡೂ ‘ಕಮ್’. ದೊಡ್ಡವರನ್ನು ಕರೆಯಬೇಕಾದರೆ ಅಪ್ಪಣೆಯ ವಾಕ್ಯವನ್ನೇ ಪ್ರಶ್ನೆಯ ವಾಕ್ಯ ಮಾಡಿಬಿಡುತ್ತಾರೆ: ‘ಕುಡ್ ಯು ಪ್ಲೀಸ್ ಕಮ್?’ “ಮರ್ಯಾದೆ ಇಲ್ಲಿ ಇಟ್ಟಿದ್ದಾರೆ ನೋಡು” ಅಂದರು.

ಸಿಂಪಲ್, ಕಾಂಪೌಂಡ್, ಕಾಂಪ್ಲೆಕ್ಸ್ ಒಂಬತ್ತನೇ ಕ್ಲಾಸಿನಲ್ಲಿ ಬಂದವು. ಎದ್ದು, ಮುಖ ತೊಳೆದು, ಕಾಫಿ ಕುಡಿದು ಬಂದೆ ಅಂತ ನಾವು ಪೋಣಿಸಿಕೊಂಡು ಹೋಗುವುದನ್ನು ಇಂಗ್ಲಿಷ್‌ನಲ್ಲಿ ‘ಆ್ಯಂಡ್’ ಹಾಕಿ ಕಟ್ಟಬೇಕು. ‘ನಿನ್ನೆ ಬಂದ ಹುಡುಗ’ ಅನ್ನುವಾಗ ನಮ್ಮಲ್ಲಿ ವಿವರಣೆ ಮೊದಲು, ಹುಡುಗ ಆಮೇಲೆ. ಅವರಲ್ಲಿ ಹುಡುಗ ಮೊದಲು, ‘ಹೂ ಕೇಮ್ ಯೆಸ್ಟರ್‌ಡೇ’ ಹಿಂದಿನಿಂದ ಬರುತ್ತದೆ. ಎಸ್ಸೆಸ್ಸೆಲ್ಸಿಗೆ ಇಷ್ಟು ಬೇಕಾದಷ್ಟಾಯಿತು.

ನಿಜವಾಗಿ ಕೈ ಹಿಡಿದದ್ದು ನರ್ಸಿಂಗ್ ಸೇರಿದಾಗ. ಎಲ್ಲ ಪಾಠವೂ ಇಂಗ್ಲಿಷ್‌ನಲ್ಲಿ. ಹಾಸ್ಟೆಲಿನಲ್ಲಿ ಕೂತು ಒಂದೊಂದು ಸಾಲಿಗೂ ಡಿಕ್ಷನರಿ ತೆಗೆಯುತ್ತಿದ್ದೆ. ಪದಗಳ ಅರ್ಥ ಸಿಕ್ಕಿದರೂ ಸಾಲು ಅರ್ಥವಾಗುತ್ತಿರಲಿಲ್ಲ. ಒಂದು ರಾತ್ರಿ ಮೇಷ್ಟ್ರ ಮಾತು ನೆನಪಾಯಿತು: “ಉದ್ದದ ವಾಕ್ಯ ಕಂಡ್ರೆ ಹೆದರಬೇಡಿ. ಮೊದಲು ವರ್ಬ್ ಹುಡುಕಿ. ಆಮೇಲೆ ಯಾರು ಅಂತ ಕೇಳಿ, ಏನನ್ನು ಅಂತ ಕೇಳಿ.” ಎದುರಿಗಿದ್ದ ಸಾಲು ಹೀಗಿತ್ತು: ‘ದಿ ವಾಲ್ವ್ಸ್ ಆಫ್ ದಿ ಹಾರ್ಟ್ ಪ್ರಿವೆಂಟ್ ದಿ ಬ್ಯಾಕ್‌ವರ್ಡ್ ಫ್ಲೋ ಆಫ್ ಬ್ಲಡ್.’ ಪೆನ್ಸಿಲ್ ತಗೊಂಡು ‘ಪ್ರಿವೆಂಟ್’ ಕೆಳಗೆ ಗೆರೆ ಎಳೆದೆ. ತಡೆಯುವುದು ಯಾರು? ವರ್ಬಿನ ಪಕ್ಕದಲ್ಲೇ ‘ಹಾರ್ಟ್’ ಇದೆ, ಆದರೆ ತಡೆಯುವುದು ಕವಾಟಗಳು. ಏನನ್ನು ತಡೆಯುತ್ತವೆ? ರಕ್ತ ಹಿಂದಕ್ಕೆ ಹರಿಯುವುದನ್ನು. ಆ ಪುಟ ಪೂರ್ತಿ ಹಾಗೇ ಗೆರೆ ಎಳೆಯುತ್ತಾ ಓದಿದೆ. ಮೂರು ವರ್ಷದ ಪುಸ್ತಕಗಳ ತುಂಬ ಆ ಗೆರೆಗಳಿವೆ.

ನಮ್ಮ ಬ್ಯಾಚ್ ಹೋದ ಮೇಲೆ ಮೇಷ್ಟ್ರಿಗೆ ವರ್ಗವಾಯಿತು. ಮತ್ತೆ ಸಿಗಲಿಲ್ಲ.

ನಾಲ್ಕು ವರ್ಷದ ಹಿಂದೆ ಒಂದು ಬೆಳಿಗ್ಗೆ ಆಸ್ಪತ್ರೆಯಲ್ಲೇ ಕೂತು ರಜೆ ಅರ್ಜಿ ಬರೆದೆ. ‘ಮೈ ಫಾದರ್ ಪಾಸ್ಡ್ ಅವೇ ದಿಸ್ ಮಾರ್ನಿಂಗ್’ ಅಂತ ಒಂದು ಸಾಲು ಬರೆದಾಯಿತು. ಎರಡನೇ ಸಾಲಿನಲ್ಲಿ ಅಪ್ಪನ ವಯಸ್ಸು ಬರೆಯಬೇಕಿತ್ತು. ಪೆನ್ನು ‘ಹಿ’ ಬರೆಯದೆ ಸ್ವಲ್ಪ ಹೊತ್ತು ನಿಂತಿತ್ತು.