ಬಣ್ಣದ ತಮಾಷೆಗೆ ದೂರು ಕೊಡುವುದು ಎಲ್ಲಿ?

ಬೆಂಗಳೂರಿನ ಹೊರವರ್ತುಲ ರಸ್ತೆಯ ಉದ್ದಕ್ಕೂ ಇರುವ ಅಮೆರಿಕನ್ ಕಂಪನಿಗಳಲ್ಲಿ ದುಡಿಯುವ ನಮ್ಮಂಥವರಿಗೆ ವರ್ಷಕ್ಕೊಮ್ಮೆ ಕಡ್ಡಾಯವಾದ ಆನ್‌ಲೈನ್ ತರಬೇತಿಯೊಂದು ಬರುತ್ತದೆ. ಜನಾಂಗ, ಮೈಬಣ್ಣ, ಧರ್ಮ, ಲಿಂಗ ಅಥವಾ ರಾಷ್ಟ್ರೀಯ ಮೂಲ ನೋಡಿ ಉದ್ಯೋಗಿಗಳಲ್ಲಿ ಭೇದ ಮಾಡಬಾರದೆಂಬ ಆ ಪಾಠಕ್ಕೆ ಆಧಾರ ಅಮೆರಿಕದ 1964ರ ನಾಗರಿಕ ಹಕ್ಕುಗಳ ಕಾಯ್ದೆಯ ಏಳನೆಯ ಭಾಗ. ಅಲ್ಲಿನ ಕಪ್ಪು ಜನರು ಪೊಲೀಸರ ಲಾಠಿಗೂ ಜೈಲಿಗೂ ಅಂಜದೆ ಪಡೆದುಕೊಂಡ ಆ ಕಾನೂನನ್ನು ನಾವು ಊಟದ ಹೊತ್ತಿನಲ್ಲಿ ಕ್ಲಿಕ್ಕಿಸುತ್ತ ಮುಗಿಸಿ, ಉತ್ತರಗಳನ್ನು ಪಕ್ಕದವರಿಂದ ಕೇಳಿ ತಿಳಿದು, ಪ್ರಮಾಣಪತ್ರ ಇಳಿಸಿಕೊಳ್ಳುತ್ತೇವೆ.

ನಾನು ಹಿಂದೆ ಕೆಲಸ ಮಾಡುತ್ತಿದ್ದ ಕಚೇರಿಯೊಂದರಲ್ಲಿ ರಾಯಚೂರು ಕಡೆಯ ಸಹೋದ್ಯೋಗಿಯೊಬ್ಬರಿದ್ದರು. ವಿಡಿಯೋ ಸಭೆಯೊಂದರಲ್ಲಿ ಮ್ಯಾನೇಜರ್ ಅವರಿಗೆ, “ಸ್ವಲ್ಪ ಲೈಟ್ ಹಾಕ್ಕೊಳಪ್ಪಾ, ಬರೀ ಹಲ್ಲು ಕಾಣ್ತಿದೆ” ಎಂದರು. ಎಲ್ಲರೂ ನಕ್ಕರು, ಅವರೂ ನಕ್ಕು, ಎದ್ದು ಹೋಗಿ ಲೈಟ್ ಹಾಕಿ ಬಂದರು. ಅಲ್ಲಿಂದಾಚೆಗೆ ಅವರು ಕ್ಯಾಮೆರಾ ಹಾಕುವುದನ್ನೇ ಬಿಟ್ಟರು, ಮತ್ತು ವರ್ಷಾಂತ್ಯದ ಮೌಲ್ಯಮಾಪನದಲ್ಲಿ ಅದೇ ಮ್ಯಾನೇಜರ್, “ಸಭೆಗಳಲ್ಲಿ ಇನ್ನಷ್ಟು ತೊಡಗಿಸಿಕೊಳ್ಳಬೇಕು” ಎಂದು ಬರೆದರು. ಎಚ್‌ಆರ್‌ನವರ ಪ್ರಕಾರ ಅದು ತಮಾಷೆ. ತಮಾಷೆಯೇ ಇರಬಹುದು, ಆದರೆ ಅದರ ಲೆಕ್ಕ ಇನ್ಕ್ರಿಮೆಂಟಿನಲ್ಲಿ ಚುಕ್ತಾ ಆಯಿತು.

ಈಶಾನ್ಯ ರಾಜ್ಯದವರ ಪಾಡು ಇನ್ನೂ ಕಷ್ಟದ್ದು. 2012ರ ಆಗಸ್ಟ್‌ನಲ್ಲಿ ತಮ್ಮ ಮೇಲೆ ದಾಳಿಯಾಗಲಿದೆಯೆಂಬ ವದಂತಿಗಳಿಗೆ ಹೆದರಿ ಸಾವಿರಾರು ಜನ ಇದೇ ನಗರದಿಂದ ಗುವಾಹಟಿಯ ರೈಲು ಹತ್ತಿದ್ದರು. ಅವರು ಮರಳಿ ಬಂದರೂ “ನೀವು ಯಾವ ದೇಶದವರು?” ಎಂಬ ಪ್ರಶ್ನೆ ಕ್ಯಾಂಟೀನಿನಲ್ಲಿ ನಿಂತಿಲ್ಲ.

ನಮ್ಮ ಸಂವಿಧಾನದ 16ನೆಯ ವಿಧಿಯ ಸಮಾನಾವಕಾಶ ಸರ್ಕಾರಿ ಉದ್ಯೋಗಕ್ಕೆ ಸಂಬಂಧಿಸಿದ್ದು. ಖಾಸಗಿ ಕಂಪನಿಯಲ್ಲಿ ಮೈಬಣ್ಣದ ಕಾರಣಕ್ಕೆ ಬಡ್ತಿ ತಪ್ಪಿದರೆ ನೇರವಾಗಿ ಕೈಗೆ ಸಿಗುವ, ಏಳನೆಯ ಭಾಗದಂಥ ಕಾನೂನು ನಮ್ಮಲ್ಲಿಲ್ಲ. ಆದರೆ ದಾರಿಯೇ ಇಲ್ಲವೆನ್ನಲಾಗದು. ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ, ಹತ್ತು ಅಥವಾ ಹೆಚ್ಚು ಜನರಿರುವ ಕಚೇರಿಯಲ್ಲಿ ಹೊರಗಿನ ಸದಸ್ಯರೊಬ್ಬರನ್ನೂ ಒಳಗೊಂಡ ಆಂತರಿಕ ಸಮಿತಿ ಇರಲೇಬೇಕೆಂದಿತು. ಅದಕ್ಕೂ ಮೊದಲು ಹೆಣ್ಣುಮಕ್ಕಳ ಕುರಿತ ಎಷ್ಟೋ ಮಾತುಗಳು ತಮಾಷೆಯ ಪಟ್ಟಿಯಲ್ಲೇ ಇದ್ದವು. ದೂರು ಕೊಡಲು ಒಂದು ಜಾಗ, ಕೇಳಲು ಕಂಪನಿಯ ಸಂಬಳ ಪಡೆಯದ ಒಬ್ಬರು ಸಿಕ್ಕ ಮೇಲೆ ಮ್ಯಾನೇಜರುಗಳ ನಾಲಿಗೆ ಸ್ವಲ್ಪ ಹಿಡಿತಕ್ಕೆ ಬಂತು.

ಬಣ್ಣ, ಪ್ರದೇಶ, ಜಾತಿಯ ದೂರುಗಳಿಗೂ ಇಂಥದೇ ಸಮಿತಿಯನ್ನು ಕಂಪನಿಗಳು ತಾವಾಗಿಯೇ ರಚಿಸಬಹುದು, ಯಾವ ಕಾನೂನೂ ಅಡ್ಡಬರುವುದಿಲ್ಲ. (ಜಾತಿ ತಾರತಮ್ಯವನ್ನು ಅಮೆರಿಕದ ಸಿಯಾಟಲ್ ನಗರ 2023ರಲ್ಲೇ ನಿಷೇಧಿಸಿತು, ಅಲ್ಲಿಗೆ ಅದನ್ನು ಹೊತ್ತೊಯ್ದವರು ನಮ್ಮವರೇ.) ಗುತ್ತಿಗೆ ನೌಕರರೂ ಆ ಸಮಿತಿಯ ವ್ಯಾಪ್ತಿಗೆ ಬರಬೇಕು. ಏಕೆಂದರೆ ಸ್ವಾಗತಕಾರಿಣಿಯ ಕೆಲಸಕ್ಕೆ “ಸ್ವಲ್ಪ ಬೆಳ್ಳಗಿರೋರನ್ನ ಕಳಿಸಿ” ಎಂದು ಏಜೆನ್ಸಿಗೆ ಫೋನಿನಲ್ಲಿ ಹೇಳುವುದನ್ನು ನಾನು ಕಿವಿಯಾರೆ ಕೇಳಿದ್ದೇನೆ, ಮತ್ತು ಆ ಏಜೆನ್ಸಿಯವರಿಗೆ ವರ್ಷಕ್ಕೊಮ್ಮೆಯ ತರಬೇತಿಯೂ ಇರಲಿಲ್ಲ.