ಟೈಗರ್ ವುಡ್ಸ್‌ಗಿಂತ ಮೊದಲು ಯಾರಿದ್ದರು?

ನಾನು ಅಮೆರಿಕದ ಓಹಾಯೋದಲ್ಲಿದ್ದೇನೆ, ವಾರದ ಕೊನೆಗೆ ಗಾಲ್ಫ್ ಆಡುತ್ತೇನೆ ಎಂದು ತಿಳಿದವರೆಲ್ಲ ಒಂದಲ್ಲ ಒಂದು ದಿನ ಈ ಪ್ರಶ್ನೆಯನ್ನು ಕೇಳಿಯೇ ಕೇಳುತ್ತಾರೆ. ಊರಿಗೆ ಹೋದರೆ ಭಾವ ಕೇಳುತ್ತಾರೆ. ಇಲ್ಲಿ ಯುಗಾದಿ ಊಟಕ್ಕೆ ಸೇರಿದಾಗ ಪಂಕ್ತಿಯಲ್ಲಿ ಪಕ್ಕಕ್ಕೆ ಕುಳಿತವರು ಕೇಳುತ್ತಾರೆ. “ಗಾಲ್ಫ್ ಬಿಳಿಯರ ಆಟವಲ್ಲವೇ? ಟೈಗರ್ ವುಡ್ಸ್ ಬಂದ ಮೇಲೆ ತಾನೇ ಕಪ್ಪು ಜನ ಅದನ್ನು ಆಡತೊಡಗಿದ್ದು?”

ಅಲ್ಲ. ಆದರೆ ಅಷ್ಟು ಹೇಳಿ ಎಲೆಯತ್ತ ತಿರುಗಲು ನನ್ನಿಂದ ಆಗುವುದಿಲ್ಲ.

ಪ್ರತಿ ಹೋಲ್‌ನ, ಅಂದರೆ ಚೆಂಡನ್ನು ಒಂದು ಕುಳಿಗೆ ಸೇರಿಸುವ ಪ್ರತಿ ಹಂತದ, ಆರಂಭದಲ್ಲಿ ನಾನು ಬಗ್ಗಿ ನೆಲಕ್ಕೆ ಒಂದು ಪುಟ್ಟ ಮರದ ಗೂಟವನ್ನು ಒತ್ತುತ್ತೇನೆ. ಕಿರುಬೆರಳಿನಷ್ಟು ಉದ್ದ, ಚೆಂಡು ಕೂರಲು ಮೇಲೊಂದು ಸಣ್ಣ ಬಟ್ಟಲು. ಅದೇ ಟೀ. ಹಿಂದೆ ಆಟಗಾರರು ಒದ್ದೆ ಮರಳನ್ನು ಚಿಟಿಕೆ ಚಿಟಿಕೆಯಾಗಿ ಗುಡ್ಡೆ ಮಾಡಿ, ಅದರ ಮೇಲೆ ಚೆಂಡಿಟ್ಟು ಹೊಡೆಯುತ್ತಿದ್ದರು. ಆ ಕೆಸರು ಕೈಯ ತಾಪತ್ರಯ ಬೇಡವೆಂದು ಮರದ ಟೀ ರೂಪಿಸಿ 1899ರಲ್ಲಿ ಪೇಟೆಂಟ್ ಪಡೆದವರು ಜಾರ್ಜ್ ಗ್ರಾಂಟ್. ಬಾಸ್ಟನ್‌ನ ದಂತವೈದ್ಯರು, ಹಾರ್ವರ್ಡ್‌ನ ಮೊದಲ ಆಫ್ರಿಕನ್-ಅಮೆರಿಕನ್ ಪ್ರಾಧ್ಯಾಪಕರೆಂದು ಹೆಸರಾದವರು.

ಅದಕ್ಕೂ ಮೂರು ವರ್ಷ ಮೊದಲು, 1896ರಲ್ಲಿ, ಅಮೆರಿಕದ ದೊಡ್ಡ ಗಾಲ್ಫ್ ಪಂದ್ಯಾವಳಿಯಾದ ಯು.ಎಸ್. ಓಪನ್ ಎರಡನೆಯ ಸಲ ನ್ಯೂಯಾರ್ಕ್ ರಾಜ್ಯದ ಶಿನೆಕಾಕ್ ಹಿಲ್ಸ್‌ನಲ್ಲಿ ನಡೆಯಿತು. ಜಾನ್ ಶಿಪ್ಪನ್‌ಗೆ ಆಗ ಹದಿನಾರು ವರ್ಷ. ತಂದೆ ಕಪ್ಪು ವರ್ಣದ ಪಾದ್ರಿ. ಈ ಹುಡುಗ, ಅವನ ಜೊತೆಗೆ ಅಲ್ಲಿನ ಮೂಲನಿವಾಸಿ ಆಸ್ಕರ್ ಬನ್, ಇಬ್ಬರೂ ಆಡುವುದಾದರೆ ನಾವು ಆಡುವುದಿಲ್ಲ ಎಂದು ಇತರ ಆಟಗಾರರು ಹಟ ಹಿಡಿದರು. ಹಾಗಾದರೆ ಆ ಇಬ್ಬರೇ ಆಡಲಿ ಎಂದರು ಪಂದ್ಯಾವಳಿ ನಡೆಸುತ್ತಿದ್ದ ಗಾಲ್ಫ್ ಸಂಘದ ಅಧ್ಯಕ್ಷರು. ಎಲ್ಲರೂ ಆಡಿದರು. ಎರಡನೆಯ ಸುತ್ತಿನ 13ನೆಯ ಹೋಲ್‌ನಲ್ಲಿ ಶಿಪ್ಪನ್‌ನ ಚೆಂಡು ಮರಳು ದಾರಿಗೆ ಬಿದ್ದು, ಅದೊಂದೇ ಹೋಲ್ ಮುಗಿಸಲು ಅವನಿಗೆ 11 ಹೊಡೆತ ಬೇಕಾಯಿತು. ಕಡಿಮೆ ಹೊಡೆತದಲ್ಲಿ ಮುಗಿಸಿದವರೇ ಗೆಲ್ಲುವ ಆಟ ಇದು. ಅದಿಲ್ಲದಿದ್ದರೆ ಏನಾಗುತ್ತಿತ್ತೋ ಎಂದು ನಾನು ಎಷ್ಟೋ ಸಲ ಲೆಕ್ಕ ಹಾಕಿದ್ದೇನೆ. ಮರಳಿನಲ್ಲಿ ಸಿಕ್ಕಿಕೊಂಡವರಿಗೆ ಆ ಸಂಕಟ ಗೊತ್ತು.

ಹೀಗೆ ಶುರುವಿನಿಂದಲೂ ಇದ್ದವರನ್ನು ಆಮೇಲೆ ಹೊರಗಿಟ್ಟರು. ಈ ಆಟಕ್ಕೆ ಪ್ರಾಮಾಣಿಕತೆಯೇ ಹೆಮ್ಮೆ: ಅಂಕವನ್ನು ನಾವೇ ಬರೆದುಕೊಳ್ಳುತ್ತೇವೆ, ಯಾರೂ ನೋಡದಿದ್ದರೂ ತಪ್ಪಿಗೆ ನಮ್ಮ ಮೇಲೆ ನಾವೇ ದಂಡ ಹಾಕಿಕೊಳ್ಳುತ್ತೇವೆ. ಅಂಥ ಆಟದ ವೃತ್ತಿಪರ ಸಂಘವು ಬಿಳಿಯರಿಗೆ ಮಾತ್ರ ಸದಸ್ಯತ್ವ ಎಂಬ ಸಾಲನ್ನು 1961ರ ನವೆಂಬರ್‌ವರೆಗೂ ತನ್ನ ನಿಯಮಾವಳಿಯಲ್ಲಿ ಇಟ್ಟುಕೊಂಡಿತ್ತು. ನಾರ್ತ್ ಕೆರೊಲಿನಾದಲ್ಲಿ ಕ್ಯಾಡಿಯಾಗಿ, ಅಂದರೆ ಬಿಳಿಯ ಆಟಗಾರರ ಗಾಲ್ಫ್ ಚೀಲ ಹೊರುತ್ತ, ಆಟ ಕಲಿತ ಚಾರ್ಲಿ ಸಿಫರ್ಡ್‌ಗೆ ಆಗ 39 ವರ್ಷ. ತೋಳಿನ ಕಸುವಿನ ವರ್ಷಗಳೆಲ್ಲ ಬಾಗಿಲ ಹೊರಗೇ ಕಳೆದಿದ್ದವು. 1952ರಲ್ಲಿ ಫೀನಿಕ್ಸ್‌ನಲ್ಲಿ, ಬಾಕ್ಸರ್ ಜೋ ಲೂಯಿಸ್ ಕೂಡ ಇದ್ದ ತಂಡದಲ್ಲಿ ಅವರು ಮೊದಲ ಗ್ರೀನ್‌ಗೆ, ಅಂದರೆ ಕುಳಿಯ ಸುತ್ತಲಿನ ನುಣುಪು ಹುಲ್ಲಿಗೆ, ಬಂದಾಗ, ಚೆಂಡು ಬೀಳಬೇಕಾದ ಕುಳಿಯಲ್ಲಿ ಯಾರೋ ಮಲ ತುಂಬಿಸಿಟ್ಟಿದ್ದರು. ಅಂಥದ್ದನ್ನೆಲ್ಲ ನುಂಗಿಕೊಂಡು ಆ ಮನುಷ್ಯ 1967ರಲ್ಲಿ ಹಾರ್ಟ್‌ಫರ್ಡ್‌ನಲ್ಲೂ 1969ರಲ್ಲಿ ಲಾಸ್ ಏಂಜಲೀಸ್‌ನಲ್ಲೂ ಗೆದ್ದರು. ಅಗಸ್ಟಾ ಕ್ಲಬ್ಬಿನಲ್ಲಿ ಕರೆ ಬಂದವರಷ್ಟೇ ಆಡುವ ಮಾಸ್ಟರ್ಸ್ ಪಂದ್ಯಾವಳಿಗೆ ಮಾತ್ರ ಅವರಿಗೆ ಕೊನೆಯವರೆಗೂ ಕರೆ ಬರಲಿಲ್ಲ.

ಅಗಸ್ಟಾದಲ್ಲಿ ಕಪ್ಪು ಜನ ಇರಲಿಲ್ಲವೆಂದಲ್ಲ. 1982ರವರೆಗೆ ಮಾಸ್ಟರ್ಸ್‌ನಲ್ಲಿ ಆಟಗಾರರು ಆ ಕ್ಲಬ್ಬಿನ ಕ್ಯಾಡಿಗಳನ್ನೇ ತೆಗೆದುಕೊಳ್ಳಬೇಕಿತ್ತು, ಕ್ಯಾಡಿಗಳೆಲ್ಲರೂ ಕಪ್ಪು ವರ್ಣದವರು. ಯಾವ ಇಳಿಜಾರಿನಲ್ಲಿ ಚೆಂಡು ಎತ್ತ ತಿರುಗುತ್ತದೆ ಎಂಬುದು ಅವರಿಗೆ ಅಂಗೈ ಗೆರೆಯಷ್ಟು ಪರಿಚಿತ. ಆದರೂ ಅಲ್ಲಿ ಕಪ್ಪು ವರ್ಣದವರೊಬ್ಬರು, ಲೀ ಎಲ್ಡರ್, ಆಟಗಾರರಾಗಿ ನಿಂತದ್ದು 1975ರಲ್ಲಿ. ಅವರೂ ಬಾಲ್ಯದಲ್ಲಿ ಕ್ಯಾಡಿಯಾಗಿದ್ದವರೇ.

ಮುಂದೆ ಮೈದಾನಗಳಿಗೆ ಮೋಟಾರು ಗಾಡಿ ಬಂತು, ಚೀಲ ಹೊರುವ ಕೆಲಸ ಹೋಯಿತು. ಸಿಫರ್ಡ್, ಎಲ್ಡರ್ ನಡೆದು ಬಂದ ದಾರಿಯೇ ಮುಚ್ಚಿತು. 1997ರಲ್ಲಿ, 21ರ ವಯಸ್ಸಿನಲ್ಲಿ, ಟೈಗರ್ ವುಡ್ಸ್ 12 ಹೊಡೆತಗಳ ಅಂತರದಿಂದ ಮಾಸ್ಟರ್ಸ್ ಗೆದ್ದದ್ದನ್ನು ಇಡೀ ಜಗತ್ತು ಕಂಡಿತು. ಈ ಮುಚ್ಚಿದ ದಾರಿಯನ್ನು ಕಂಡವರು ಕಡಿಮೆ. ದೊಡ್ಡ ಪಂದ್ಯಗಳಲ್ಲಿ ಇಂದಿಗೂ ಕಪ್ಪು ವರ್ಣದ ಆಟಗಾರರು ಬೆರಳೆಣಿಕೆಯಷ್ಟು. ನಮ್ಮ ದೇಶದಲ್ಲಿ ಆ ದಾರಿ ಇನ್ನೂ ತೆರೆದಿದೆ. ಕೋಲ್ಕತ್ತದ ವೃತ್ತಿಪರ ಆಟಗಾರ ಎಸ್.ಎಸ್.ಪಿ. ಚೌರಾಸಿಯಾ ಗಾಲ್ಫ್ ಮೈದಾನದ ಹುಲ್ಲು ನೋಡಿಕೊಳ್ಳುತ್ತಿದ್ದವರ ಮಗ.

ನಾನು ತುಂಬ ಇಷ್ಟಪಟ್ಟು ಆಡುವ ಮೈದಾನ ಇಲ್ಲೇ ಓಹಾಯೋದ ಈಸ್ಟ್ ಕ್ಯಾಂಟನ್‌ನ ಕ್ಲಿಯರ್‌ವ್ಯೂ. ಅದನ್ನು ಕಟ್ಟಿದವರು ಕಪ್ಪು ವರ್ಣದ ಬಿಲ್ ಪವೆಲ್. ಎರಡನೆಯ ಮಹಾಯುದ್ಧದಲ್ಲಿ ಸೈನಿಕರಾಗಿ ಬ್ರಿಟನ್‌ನಲ್ಲಿದ್ದಾಗ ಅಲ್ಲಿನ ಮೈದಾನಗಳಲ್ಲಿ ಆಡಿದ್ದ ಅವರನ್ನು, ಯಾವ ದೇಶಕ್ಕಾಗಿ ಸಮವಸ್ತ್ರ ತೊಟ್ಟಿದ್ದರೋ ಅದೇ ದೇಶದ ಮೈದಾನಗಳು ಒಳಗೆ ಬಿಡಲಿಲ್ಲ. ಯೋಧರಿಗೆಂದೇ ಇದ್ದ ಸಾಲವೂ ಸಿಗಲಿಲ್ಲ. ಕಪ್ಪು ವರ್ಣದ ಇಬ್ಬರು ವೈದ್ಯರು ಹಣ ಹಾಕಿದರು, ಸಹೋದರ ಮನೆ ಅಡವಿಟ್ಟ. 1946ರಲ್ಲಿ ಹಳೆಯ ಹಾಲಿನ ಡೈರಿಯ 78 ಎಕರೆ ಅವರ ಕೈಗೆ ಬಂತು. ರಾತ್ರಿ ಕಾರ್ಖಾನೆಯಲ್ಲಿ ಕಾವಲು. ಹಗಲು ಹೊಲದಲ್ಲಿ ಕಲ್ಲು ಆರಿಸುವುದು, ಬೇಲಿಯ ಕಂಬ ಕೀಳುವುದು, ಹುಲ್ಲಿನ ಬೀಜವನ್ನು ಕೈಯಿಂದ ಎರಚುವುದು. ಹೆಂಡತಿ ಮಾರ್ಸೆಲಾ ಹೆಗಲಿಗೆ ಹೆಗಲಾಗಿದ್ದರು. 1948ರಲ್ಲಿ ಒಂಬತ್ತು ಹೋಲ್‌ಗಳೊಂದಿಗೆ ಬಾಗಿಲು ತೆರೆಯಿತು, ಎಲ್ಲ ಬಣ್ಣದವರಿಗೂ. ಹದಿನೆಂಟು ಪೂರ್ತಿಯಾಗಲು 1978 ಬರಬೇಕಾಯಿತು. ಮೂರು ವರ್ಷದವಳಿದ್ದಾಗಲೇ ಅಲ್ಲಿ ಕ್ಲಬ್ ಹಿಡಿದ ಮಗಳು ರೆನೆ ಮಹಿಳೆಯರ ವೃತ್ತಿಪರ ಗಾಲ್ಫ್‌ನಲ್ಲಿ ಆಡಿದರು.

ಬೆಳಗಿನ ಹೊತ್ತು ಅಲ್ಲಿನ ಹುಲ್ಲು ಇಬ್ಬನಿಯಿಂದ ಬೆಳ್ಳಗಿರುತ್ತದೆ; ನಡೆದ ಹೆಜ್ಜೆ ಹಸಿರಾಗಿ ಮೂಡುತ್ತದೆ. ಹೊಲ ಉತ್ತು ಬಿತ್ತಿದ ಮನೆಯಲ್ಲಿ ಹುಟ್ಟಿದವನು ನಾನು. ಎಪ್ಪತ್ತೆಂಟು ಎಕರೆಯಲ್ಲಿ ಒಬ್ಬ ಮನುಷ್ಯ ಕಲ್ಲು ಆರಿಸುವುದೆಂದರೆ ಏನೆಂದು ನನ್ನ ಬೆನ್ನಿಗೆ ಗೊತ್ತು.

ಮುಂದಿನ ಬೇಸಿಗೆಗೆ ಅಕ್ಕ, ಭಾವ ಇಲ್ಲಿಗೆ ಬರುತ್ತಿದ್ದಾರೆ. ನಯಾಗರ ಆಮೇಲೆ ನೋಡಿದರಾಯಿತು. ಮೊದಲ ಭಾನುವಾರವೇ ಭಾವನವರನ್ನು ಕ್ಲಿಯರ್‌ವ್ಯೂಗೆ ಕರೆದುಕೊಂಡು ಹೋಗಿ, ಮೊದಲ ಹೋಲ್‌ನಲ್ಲಿ ಅವರ ಕೈಗೊಂದು ಮರದ ಟೀ ಕೊಡುತ್ತೇನೆ.